ಸಾಯಬಮ್ಮನ ಬಾಗಿಲು

"ಇದಕ್ಕ ಮನಿ ಅಂತಾರೇನ್ರಿ?"

ಜೈಭೀಮ ಹೊರಗೆ ನಿಂತು ಬೆತ್ತದಿಂದ ನನ್ನ ಗೋಡೆಗೆ ಎರಡೇಟು ಹಾಕಿ ಕೇಳಿದ. ಒಳಗೆ ನಾನು ನಾದಿಟ್ಟಿದ್ದ ರೊಟ್ಟಿ ಹಿಟ್ಟಿನ ಮೇಲೆ ಮಣ್ಣು ಉದುರಿತು.

"ಇಲ್ರಿ ಸರ್," ಎಂದು ಹುಡುಗರ ಹಿಂಡು ಕೂಗಿತು.

"ಯಾಕ ಅಲ್ಲ? ಹೇಳ್ರಿ, ಹೇಳ್ರಿ."

"ಗ್ವಾಡಿ ಮಣ್ಣಿಂದೈತ್ರಿ."

"ಸಂಡಾಸ ಇಲ್ರಿ."

"ಬಾಗಲಾ ಭಾಳ ಗಿಡ್ಡ ಐತ್ರಿ ಸರ್. ದನದ ಕೊಟಗಿ ಇದ್ದಂಗ ಐತ್ರಿ."

ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಒಬ್ಬ ಹುಡುಗಿ ಬಗ್ಗಿ ಒಳಗೆ ಮೊಬೈಲು ಚಾಚಿದಳು. ಒಲೆಯ ಮುಂದೆ ಸೀರೆ ಎತ್ತಿ ಕಟ್ಟಿಕೊಂಡು ಕೂತಿದ್ದ ನನ್ನನ್ನು ಕಂಡು, "ಸರ್, ಒಳಗ ಯಾರೋ ಅದಾರ್ರಿ!" ಎಂದು ಹಾವು ಕಂಡವಳ ಹಾಗೆ ಹಿಂದಕ್ಕೆ ಜಿಗಿದಳು. ಮನೆಯಲ್ಲದ ಮನೆಯಲ್ಲಿ ಮನುಷ್ಯರು ಇರುತ್ತಾರೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. "ಯಾಕಲೇ ಜೈಭೀಮ, ಗ್ವಾಡಿ ಬೀಳಸ್ತೀಯೇನು? ಬಿದ್ರ ನಿಮ್ಮಪ್ಪ ಎದ್ದು ಬಂದು ಕಟ್ಟಿಕೊಡ್ತಾನೇನಲೇ?"

"ಸಿಟ್ಟಾಗಬ್ಯಾಡಕ್ಕ. ಪಾಠ ಮಾಡಾಕತ್ತೀನಿ," ಎಂದು ನಕ್ಕ. ಆ ನಗುವಿಗೆ ನನ್ನ ಸಿಟ್ಟು ಯಾವಾಗಲೂ ಇಳಿದುಬಿಡುತ್ತಿತ್ತು.

ಇಳಿಯದೆ ಏನು ಮಾಡೀತು? ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿ, ಅದೇ ಕಾಲೇಜಿನಲ್ಲಿ ಪಾಠ ಹೇಳುವ ಮಾಸ್ತರ ಆದವನು ಅವನೊಬ್ಬನೇ. ಅವನ ಅವ್ವ ಸಾಯಬಮ್ಮ ನನಗೆ ದೂರದಿಂದ ಚಿಗವ್ವ ಆಗಬೇಕು. ಗಂಡ ಸತ್ತ ಮೇಲೆ ಕಲ್ಲು ಹೊತ್ತು ಮಗನನ್ನು ಓದಿಸಿದಳು. ಅವನು ಶಹಾಪುರ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಹೆಂಡತಿಯೊಂದಿಗೆ ಇದ್ದ. ಸಾಯಬಮ್ಮ ಮಾತ್ರ ಕೇರಿ ಬಿಟ್ಟು ಹೋಗಲಿಲ್ಲ. ಪ್ರತಿ ವರ್ಷ ಅವನು ತನ್ನ ಹುಡುಗರನ್ನು ನಮ್ಮ ಕೇರಿಗೆ ಕರೆತಂದು, ಈ ಊರಲ್ಲಿ ಯಾರಿಗೆ ಎಷ್ಟು ಮನೆ ಇವೆ, ಯಾರಿಗೆ ಒಂದೂ ಇಲ್ಲ, ಯಾಕೆ ಇಲ್ಲ ಎಂದು ಪಾಠ ಮಾಡುತ್ತಿದ್ದ. ಕಡೆಗೆ ಬೇವಿನ ಗಿಡದ ಕಟ್ಟೆಯ ಮೇಲೆ ನಿಂತು, "ಮನಿ ಅನ್ನೂದು ಯಾರೂ ಹಾಕೂ ಭಿಕ್ಷಾ ಅಲ್ಲ. ಅದು ಹಕ್ಕು," ಅನ್ನುತ್ತಿದ್ದ. ಆ ಮಾತು ಕೇಳಿದರೆ ನನ್ನ ಮೈಮೇಲೆ ಮುಳ್ಳು ಏಳುತ್ತಿತ್ತು. ಆ ಒಂದು ಮಾತಿಗೋಸ್ಕರ ಗೋಡೆಗೆ ಹೊಡೆದಿದ್ದನ್ನೂ ದನದ ಕೊಟ್ಟಿಗೆ ಅನಿಸಿಕೊಂಡಿದ್ದನ್ನೂ ಮರೆತು, ಅವನ ಹುಡುಗರಿಗೆ ಚಹಾ ಕಾಸಿ ಕೊಟ್ಟೆ. ಅರ್ಧ ಹುಡುಗರು ಕುಡಿಯಲಿಲ್ಲ.

ನಮ್ಮ ಕೇರಿ ಶಹಾಪುರದ ಬೆಟ್ಟಕ್ಕೆ ಎದುರಾಗಿ ಇತ್ತು. ನನ್ನ ಹೊಸ್ತಿಲಲ್ಲಿ ಕೂತು ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಹಣೆ, ಮೂಗು, ಎದೆ ಎಲ್ಲ ಕಾಣುತ್ತಿತ್ತು. ಹಿಂದೆ ಆ ನೋಟಕ್ಕೆ ಬೆಲೆ ಇರಲಿಲ್ಲ. ಹಾಗಾಗಿ ಅದು ನಮಗೆ ಸಿಕ್ಕಿತ್ತು. ಆಮೇಲೆ ರಸ್ತೆ ಅಗಲವಾಯಿತು, ಬೆಟ್ಟದ ಫೋಟೋ ತೆಗೆಯಲು ಕಾರುಗಳು ಬಂದವು, ಕಾರಿನವರಿಗೆ ಕಾಫಿ ಹೋಟೆಲು ಬಂತು. ಸುತ್ತಲಿನ ಹೊಲವೆಲ್ಲ ಮಲ್ಲಿನಾಥ ಸಾವ್ಕಾರನದು. ಅವನು ಹೊಲಕ್ಕೆ ಕೆಂಪು ಮಣ್ಣು ಹೊಡೆಸಿ, ಕಲ್ಲು ನೆಡೆಸಿ, 'ತಥಾಗತ ಲೇಔಟ್' ಎಂದು ಬೋರ್ಡು ಹಾಕಿದ. ನಡುವೆ ನಮ್ಮ ಕೇರಿ ಅವನ ಹಲ್ಲಿನ ಸಂದಿಯ ಕಡ್ಡಿಯಾಗಿ ಉಳಿಯಿತು.

ಒಂದು ದಿನ ನಮ್ಮನ್ನೆಲ್ಲ ತನ್ನ ಮನೆಗೆ ಕರೆಸಿದ. ಚಪ್ಪಲಿಗಳನ್ನು ಗೇಟಿನ ಹೊರಗೆ ಬಿಡಿಸಿ, ಕಾರು ನಿಲ್ಲಿಸುವ ಜಾಗದಲ್ಲಿ ನೆಲದ ಮೇಲೆ ಕೂರಿಸಿದರು. ಸಾವ್ಕಾರ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡೇ ನಿಂತಿದ್ದ.

"ಎಷ್ಟ ದಿನ ಹೇಲಿನ ಮ್ಯಾಲ ಕುಂತು ನನ್ನ ಲೇಔಟಿಗೆ ನಾತ ಹೊಡಸ್ತೀರಲೇ ಸೂಳಿಮಕ್ಕಳ್ರಾ? ಪ್ಲಾಟ್ ನೋಡಾಕ ಬಂದವರು ನಿಮ್ಮ ಮಾರಿ ನೋಡಿ ಗಾಡಿ ತಿರಗಸ್ಕೊಂಡು ಹೊಂಟಾರ."

ಗಂಡಸರು ನೆಲ ನೋಡಿದರು. ಸಾಯಬಮ್ಮ ಸೆರಗು ಸರಿ ಮಾಡಿಕೊಂಡು ಎದ್ದಳು. "ನಾತ ನಮ್ಮದಲ್ರಿ ಸಾವ್ಕಾರ್ರ. ನಿಮ್ಮ ಕಾಫಿ ಹೋಟೆಲ್ಲಿನ ಗಟಾರ ನಮ್ಮ ಕೇರಿಗಿ ಬಿಟ್ಟೀರಲ್ಲ, ಅದರದು."

"ಮಗ ಮಾಸ್ತರ ಆಗ್ಯಾನಂತ ಬಾಯಿ ಬಂದೈತೇನಬೇ ನಿನಗ?"

"ಬಾಯಿ ಮೊದಲಿಂದನೂ ಐತ್ರಿ. ನಮ್ಮ ಮುತ್ಯಾನ ಕಾಲದಿಂದ ಅಲ್ಲಿ ಅದೀವಿ. ಅಲ್ಲೇ ಇರ್ತೀವಿ."

ಸಾವ್ಕಾರ ಉಗುಳಿ ಒಳಗೆ ಹೋದ. ನಾವು ಗೆದ್ದೆವು ಅಂದುಕೊಂಡು ಬಂದೆವು. ಜಬರ್ದಸ್ತಿಯಿಂದ ಎಬ್ಬಿಸಿದರೆ ಬೇರೆ ಜಾಗ ಕೊಡಬೇಕಾಗುತ್ತದೆ, ಪೇಪರಿನಲ್ಲಿ ಬರುತ್ತದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದು ನಮ್ಮೊಳಗಿನ ಒಬ್ಬ ಮನುಷ್ಯ.

ಬೇಸಗೆಯಲ್ಲಿ ಜೈಭೀಮ ಬಂದ. ಬೇವಿನ ಕಟ್ಟೆಗೆ ಎಲ್ಲರನ್ನೂ ಕರೆದು, "ಸರ್ಕಾರದ ಪಕ್ಕಾ ಮನಿ ಮಂಜೂರಾಗ್ಯಾವ," ಎಂದ. "ನಮ್ಮ ಜಾಗಾದಾಗ ನಮಗ. ಮ್ಯಾಲ ಸ್ಲಾಬು, ಒಳಗ ನಳ, ಸಂಡಾಸ. ಒಂದ ಮಾತೈತಿ. ಸಾಹೇಬ್ರು ನೋಡಾಕ ಬರೂದ್ರಾಗ ಜಾಗಾ ಖಾಲಿ ಇರಬೇಕು. ಹಳೇ ಮನಿ ನಿಂತಿದ್ರ, ಇವರಿಗೆ ಮನಿ ಐತಲ್ಲ ಅಂತ ಕೈಬಿಡ್ತಾರ."

ನನ್ನ ಗಂಡ ಅಂಬ್ರಪ್ಪ ಗೌಂಡಿ. ಊರಿನ ಅರ್ಧ ಮನೆಗಳ ಗೋಡೆ ಅವನ ಕರಣಿಯಿಂದ ಎದ್ದಿವೆ. ಅವನು ಬೀಡಿ ಆರಿಸಿ ಕೇಳಿದ: "ಹಳೇದು ಕೆಡವಿದ ಮ್ಯಾಲ ಹೊಸಾದು ಬರಲಿಲ್ಲಂದ್ರ?"

"ಮಾವಾ, ನಾ ಸತ್ತೀನೇನು?"

ಅಂಬ್ರಪ್ಪ ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ತಲೆಯಾಡಿಸಿದ. ಆದರೂ ಯಾರೂ ಏಳಲಿಲ್ಲ. ಏಳದೆ ಇರುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವ ದಿನವೇ ದೊಡ್ಡ ದಿನ. ಚೌಕಟ್ಟಿಗೆ ಅರಿಶಿಣ ಹಚ್ಚಿ, ದೀಪ ಮುಟ್ಟಿಸಿ ಒಮ್ಮೆ ನಿಲ್ಲಿಸಿದರೆ ಮುಗಿಯಿತು. ಅದನ್ನು ಆ ಮನೆಯ ಮಕ್ಕಳೇ ಕೀಳಬೇಕು, ಹೊರಗಿನವರ ಕೈ ಹತ್ತಿದರೆ ಹತ್ತಿಸಿದವನ ಮನೆ ಹಾಳು. ಸಾವ್ಕಾರನಾಗಲಿ, ಅವನ ಮನೆಯಲ್ಲಿ ಪೂಜೆ ಮಾಡುವ ಅಯ್ಯನವರಾಗಲಿ, ನಾವಾಗಲಿ, ಈ ಒಂದು ನಂಬಿಕೆಯಲ್ಲಿ ಮಾತ್ರ ಮೇಲು ಕೀಳು ಇಲ್ಲ. ತನ್ನ ಕೈಯಿಂದ ತನ್ನ ಬಾಗಿಲು ಕೀಳುವುದು ಸಣ್ಣ ಮಾತಲ್ಲ.

ಜೈಭೀಮ ಅದನ್ನು ಬಲ್ಲ. ಅಂಗಿ ತೋಳು ಮಡಚಿ, ಕಬ್ಬಿಣದ ಹಾರಿ ಹಿಡಿದು ನೇರ ತನ್ನ ಅವ್ವನ ಮನೆಗೆ ಹೋದ. ಅವನಪ್ಪ ಬೇವಿನ ಕಟ್ಟಿಗೆಯಲ್ಲಿ ಕೆತ್ತಿ ನಿಲ್ಲಿಸಿದ್ದ ಗಿಡ್ಡ ಚೌಕಟ್ಟು ಅದು. ಸಾಯಬಮ್ಮ ಹೊಸ್ತಿಲಿಗೆ ಕೈ ಮುಗಿದಳು, ಕಣ್ಣೊರೆಸಿಕೊಂಡಳು, "ಕೀಳಪ್ಪ," ಎಂದಳು. ಅವನು ಕಿತ್ತ. ಹೆತ್ತವ್ವನ ಬಾಗಿಲು ಕಿತ್ತವನು ನಮಗೆ ಮೋಸ ಮಾಡುತ್ತಾನೆಂದು ಯಾವ ಮನುಷ್ಯರು ಎಣಿಸುತ್ತಾರೆ? ನಾವು ಎಣಿಸಲಿಲ್ಲ.

ಮರುದಿನ ಬೆಳಿಗ್ಗೆ ಇಡೀ ಕೇರಿ ತನ್ನನ್ನು ತಾನೇ ಕೆಡವಿಕೊಂಡಿತು. ನಮ್ಮದು ಕಟ್ಟುವ ಕಸುಬು, ಕೆಡವುವುದೂ ಬಲ್ಲೆವು. ತಗಡು ಇಳಿಸಿದೆವು, ತೊಲೆ ಇಳಿಸಿದೆವು, ಚೌಕಟ್ಟುಗಳನ್ನು ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದೆವು. ಹಾಡು ಹೇಳಿಕೊಂಡು ಗೋಡೆ ಉರುಳಿಸಿದೆವು. ನನ್ನ ಒಲೆಯನ್ನು ನಾನೇ ಗುದ್ದಲಿಯಿಂದ ಒಡೆದೆ. ಮಧ್ಯಾಹ್ನದ ಹೊತ್ತಿಗೆ ನೆಲ ಸಪಾಟಾಯಿತು. ಜೈಭೀಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗುದ್ದಲಿ ಹಾರಿ ಕೈಗೆ ಕೊಟ್ಟು ಮೊಬೈಲು ಎತ್ತಿದ.

"ನಗ್ರಿ. ಅಕ್ಕ, ನಗು. ಹೊಸ ಮನಿ ಬರ್ತಾವ, ಫೋಟೋ ತಗ್ಯಾಕತ್ತೀನಿ, ನಗ್ರಿ ಎಲ್ಲಾರೂ."

ನಕ್ಕೆವು. ಮನಸಾರೆ ನಕ್ಕೆವು. ನನಗಂತೂ ಹಲ್ಲು ಮುಚ್ಚಲಾಗದಷ್ಟು ನಗು ಬಂದಿತ್ತು.

ಸಂಜೆಯೊಳಗೆ ಸಾವ್ಕಾರನ ಟ್ರ್ಯಾಕ್ಟರುಗಳು ಬಂದವು. ಹಳೆ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ನಮ್ಮ ಗೋಡೆಗಳನ್ನೆಲ್ಲ ತುಂಬಿಕೊಂಡು ಹೋಗಿ ಅವನ ಬೇರೆ ಕಡೆಯ ಹತ್ತಿ ಹೊಲಕ್ಕೆ ಚೆಲ್ಲಿದರು. "ನೆಲ ಸ್ವಚ್ಛ ಆಗ್ಲಿ ಬಿಡಕ್ಕ," ಎಂದ ಜೈಭೀಮ. ಆಗಲಿ ಎಂದು ನಾವೇ ಸಲಿಕೆ ಹಿಡಿದು ತುಂಬಿಕೊಟ್ಟೆವು. ಮರುದಿನ ನಾವು ಅಡಿಗೆಗೆ ಕಲ್ಲು ಹೂಡುವಾಗ ತಂತಿ ಬೇಲಿಯವರು ಬಂದರು, ಅವರ ಹಿಂದೆ ಪೊಲೀಸರು ಬಂದರು. "ಲೇಔಟಿನ ಜಾಗಾ, ಹೊರಗ ನಡ್ರಿ," ಎಂದರು.

ಸರ್ಕಾರಿ ಕಚೇರಿಗೆ ಹೋದೆವು. ಸಾಹೇಬ ಕೂರಿ ಅನ್ನಲಿಲ್ಲ.

"ನಿಮ್ಮ ಮನಿ ಯಾರು ಕೆಡವಿದ್ರು?"

"ನಾವ ರೀ," ಎಂದ ಅಂಬ್ರಪ್ಪ.

"ಜೆಸಿಬಿ ಬಂದಿತ್ತೇನು?"

"ಇಲ್ರಿ."

"ಪೊಲೀಸರು ಹೊಡೆದ್ರೇನು?"

"ಇಲ್ರಿ. ಮಾಸ್ತರ ಹೇಳಿದ್ರಿ, ಪಕ್ಕಾ ಮನಿ..."

"ಯಾವ ಮನೀನೂ ಮಂಜೂರಾಗಿಲ್ಲ. ಎಬ್ಬಿಸಿದವರಿಗೆ ಬೇರೆ ಜಾಗಾ ಕೊಡಬೋದು. ನಿಮ್ಮನ್ನ ಯಾರೂ ಎಬ್ಬಿಸಿಲ್ಲ. ಖುಷಿಯಿಂದ ಬಿಟ್ಟು ಹೋಗೀರಿ." ಸಾಹೇಬ ತನ್ನ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. "ಇಲ್ನೋಡಬೇ. ಇದು ನೀನ ಹೌದಲ್ಲ? ಮನಿ ಕಳಕೊಂಡವರು ಹಿಂಗ ಹಲ್ಲು ಕಿಸೀತಾರೇನು?"

ಅದರಲ್ಲಿ ನಾನು ಗುದ್ದಲಿ ಹಿಡಿದು ನಗುತ್ತಿದ್ದೆ. ಎಷ್ಟು ನಗುತ್ತಿದ್ದೆನೆಂದರೆ, ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಅನಿಸಿತು. ನನ್ನ ನಗುವೇ ನನ್ನ ಮೇಲೆ ಸಾಕ್ಷಿ ಹೇಳುತ್ತಿತ್ತು. ಬಾಯಿಗೆ ಸೆರಗು ಮುಚ್ಚಿಕೊಂಡು ಹೊರಗೆ ಬಂದೆ.

ಜೈಭೀಮನ ಫೋನು ಮೊದಮೊದಲು, "ಮ್ಯಾಲಿಂದ ಹುಕುಂ ಬರಬೇಕಕ್ಕ, ತಡಿ," ಅನ್ನುತ್ತಿತ್ತು. ಆಮೇಲೆ ಬರೀ ರಿಂಗಾಯಿತು. ಆಮೇಲೆ ಅದೂ ನಿಂತಿತು. ಕೇರಿ ಚೆಲ್ಲಾಪಿಲ್ಲಿಯಾಯಿತು. ಕೆಲವರು ಕಡೇಚೂರಿನ ಫ್ಯಾಕ್ಟರಿ ಶೆಡ್ಡುಗಳಿಗೆ, ಕೆಲವರು ಗೋಗಿಯಲ್ಲಿ ನೆಂಟರ ಪಡಸಾಲೆಗೆ ಹೋದರು. ಹೊರೆಯಾಗುತ್ತದೆಂದು ಚೌಕಟ್ಟುಗಳನ್ನು ಮಾರಿದರು. ನಾನು, ಅಂಬ್ರಪ್ಪ, ಸಾಯಬಮ್ಮ ಕಾಲುವೆ ದಂಡೆಯಲ್ಲಿ ತಾಡಪತ್ರಿ ಕಟ್ಟಿಕೊಂಡೆವು. ನಮ್ಮ ಚೌಕಟ್ಟು ಅಕ್ಕಿಗೆ ಹೋಯಿತು. ಸಾಯಬಮ್ಮ ತನ್ನದನ್ನು ಬಿಡಲಿಲ್ಲ. ತಾಡಪತ್ರಿಯ ಮುಂದೆ ಅದನ್ನು ಒಂದು ಜಾಲಿ ಗಿಡಕ್ಕೆ ಕಟ್ಟಿ ನಿಲ್ಲಿಸಿ, ದಿನಾ ಬೆಳಿಗ್ಗೆ ಹೊಸ್ತಿಲು ಸಾರಿಸುತ್ತಿದ್ದಳು.

ಅವಳ ಮಗ ಒಮ್ಮೆ ಕತ್ತಲಾಗುವ ಹೊತ್ತಿಗೆ ಬಂದು ಕರೆದನಂತೆ, ನಾವು ಕೆಲಸಕ್ಕೆ ಹೋದಾಗ. "ಇವರಿಗೆಲ್ಲಾ ಮನಿ ಆಗ್ಲಿ, ಆಮ್ಯಾಲ ಬರ್ತೀನಿ," ಎಂದು ಈಕೆ ಕಳಿಸಿದಳು.

"ಇನ್ನೂ ಅವನ್ನ ನಂಬ್ತೀಯೇನು ಚಿಗವ್ವ?" ಎಂದು ನಾನು ರೇಗಿದೆ.

"ನನ್ನ ಮಗ ಓಡ್ಯಾಡಾಕತ್ತಾನ ಹಣಮವ್ವ. ಅವನ ಹೆಸರು ಏನಂತ ಇಟ್ಟೀನಿ ನಾ? ಆ ಹೆಸರಿನವ ಹಂಗ ಮಾಡ್ತಾನೇನು?"

ಮಳೆಗಾಲದಲ್ಲಿ ಕಾಲುವೆ ದಂಡೆ ಕೆಸರಾಯಿತು. ಆಗ ಲೇಔಟಿನಲ್ಲಿ ಅಂಬ್ರಪ್ಪನಿಗೆ ಗೌಂಡಿ ಕೆಲಸ ಸಿಕ್ಕಿತು, ನನಗೆ ಗೋಡೆಗೆ ನೀರು ಹೊಡೆಯುವ ಕೆಲಸ ಸಿಕ್ಕಿತು. ಜೊತೆಗೆ ಕಾವಲಿಗೆಂದು ಕಟ್ಟುತ್ತಿರುವ ಮನೆಯೊಳಗೇ ಇರಬಹುದು. ನಾಚಿಕೆ ಬಿಟ್ಟು, ಸಾಯಬಮ್ಮನನ್ನೂ ಕರೆದುಕೊಂಡು ಹೋದೆವು. ಹೊಟ್ಟೆಗೆ ನಾಚಿಕೆ ಎಲ್ಲಿಯದು?

ಮನೆ ಕಟ್ಟುವ ಜನರ ವಾಸ ಹೀಗೆಯೇ. ಬುನಾದಿ ಬಿದ್ದ ದಿನ ಒಳಗೆ ಬರುತ್ತೇವೆ. ಸಿಮೆಂಟು ಚೀಲದ ಮೇಲೆ ಮಲಗುತ್ತೇವೆ, ಮುಂದೆ ದೇವರ ಕೋಣೆ ಆಗುವಲ್ಲಿ ಒಲೆ ಹೂಡುತ್ತೇವೆ, ಬೆಡ್ರೂಮು ಆಗುವಲ್ಲಿ ಬಟ್ಟೆ ಒಣಹಾಕುತ್ತೇವೆ. ಬಾಗಿಲು ನಿಲ್ಲಿಸುವ ದಿನ ಗಂಟು ಕಟ್ಟಿಕೊಂಡು ಹೊರಗೆ ನಡೆಯುತ್ತೇವೆ. ಮನೆ ಮನೆಯಾಗುವ ತನಕ ಮಾತ್ರ ಅದು ನಮ್ಮದು. ಮೊದಲು ಇದನ್ನು ಹೇಳಿಕೊಂಡು ನಗುತ್ತಿದ್ದೆವು, ಯಾಕೆಂದರೆ ಆಗ ವಾಪಸು ಹೋಗಲು ಕೇರಿ ಇತ್ತು.

ನಮ್ಮ ಕೇರಿಯ ಗುರುತಾಗಿ ಉಳಿದಿದ್ದು ಬೇವಿನ ಗಿಡದ ಬುಡ ಒಂದೇ. ಅದರಿಂದ ಅಳೆದು ನೋಡಿಕೊಂಡೆ. ನನ್ನ ಒಲೆ ಇದ್ದಲ್ಲಿ ಈಗ ಪಾರ್ಕು. ಅಲ್ಲಿ ಸಿಮೆಂಟಿನ ಬುದ್ಧನನ್ನು ಕೂರಿಸಿ ಸುತ್ತ ಹುಲ್ಲು ಬೆಳೆಸಿದ್ದರು. ದಣಿದು ಒಂದು ಸಲ ಹುಲ್ಲಿನ ಮೇಲೆ ಕೂತರೆ ಕಾವಲಿನವನು ಬಂದು, "ಏಳಬೇ, ಇದು ಪ್ಲಾಟಿನವರಿಗೆ," ಎಂದ. ಬುದ್ಧನನ್ನು ನೋಡಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ.

ನಾವು ಕಾವಲಿದ್ದ ಮನೆ ಬೇವಿನ ಬುಡಕ್ಕೆ ಹತ್ತಿಕೊಂಡೇ ಇತ್ತು. ಹಿಂದೆ ಸಾಯಬಮ್ಮನ ಮನೆ ಇದ್ದ ಅದೇ ಜಾಗ. ಮುದುಕಿ ಮೊದಲ ದಿನವೇ ನೆಲ ಸವರಿ ಗುರುತು ಹಿಡಿದು, ಹಿಂದಿನ ಮೂಲೆಯಲ್ಲಿ ತನ್ನ ಚೌಕಟ್ಟು ಆನಿಸಿ, ಅದರ ಪಕ್ಕದಲ್ಲಿ ಹಾಸಿಕೊಂಡಳು. ಮಾಲಕ ಯಾರೋ ಗೊತ್ತಿರಲಿಲ್ಲ. "ಯಾರೋ ನೌಕರದಾರರು, ಸಾವ್ಕಾರರಿಗೆ ಬೇಕಾದವರು," ಎಂದಿದ್ದ ಮೇಸ್ತ್ರಿ. ಗೋಡೆ ಎದ್ದವು, ಮೇಲೆ ಸ್ಲಾಬು ಹಾಕಿದ್ದಾಯಿತು. ಮಾಲಕ ಒಮ್ಮೆಯೂ ಬಂದು ನೋಡಲಿಲ್ಲ. ತನ್ನ ಮನೆ ಏಳುವುದನ್ನು ನೋಡುವ ಆಸೆಯೂ ಇಲ್ಲದ ಇದೆಂಥ ಮಾಲಕ ಎಂದು ನಾನು ಬೈದುಕೊಂಡೆ.

ಬಾಗಿಲು ನಿಲ್ಲಿಸುವುದಕ್ಕೆ ಹಿಂದಿನ ದಿನ ಟೆಂಪೋದವರು ಮುಂದಿನ ಗೋಡೆಗೆ ಹಚ್ಚುವ ಕರಿಕಲ್ಲು ಇಳಿಸಿ ಹೋದರು. ಬಂಗಾರದ ಬಣ್ಣದ ಅಕ್ಷರ. ನನಗೆ ಕೂಡಿಸಿಕೊಂಡು ಓದುವಷ್ಟು ಬರುತ್ತದೆ. ಮೊದಲ ಸಾಲು ಓದಿದೆ. ಕಣ್ಣು ತಪ್ಪಿತೆಂದು ಸೆರಗಿನಿಂದ ಧೂಳು ಒರೆಸಿ ಮತ್ತೆ ಓದಿದೆ.

"ಏನು ಬರದಾರಬೇ?" ಎಂದಳು ಸಾಯಬಮ್ಮ.

ಹೇಳಬಾರದು ಅಂದುಕೊಂಡೆ. ಬಾಯಿ ಕೇಳಲಿಲ್ಲ. "ಸಾಯಬಮ್ಮ ನಿಲಯ."

ಮುದುಕಿ ನಕ್ಕಳು. "ನನ್ನ ಹೆಸರಿನಾಕಿ ಇನ್ನೊಬ್ಬಾಕಿ ಅದಾಳಲ್ಲ, ಸಾವ್ಕಾರ್ತಿ!"

"ಕೆಳಗ ಜೈಭೀಮ ಅಂತ ಬರದಾರ ಚಿಗವ್ವ."

ನಗು ನಿಂತಿತು. ಆಕೆ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಓದಲು ಬಾರದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಳುತ್ತಾಳೆ, ಹಿಡಿದುಕೊಳ್ಳೋಣ ಎಂದು ನಾನು ಹತ್ತಿರ ಹೋದೆ. ಅಳಲಿಲ್ಲ.

"ಅವತ್ತು ನನ್ನ ಬಾಗಲಾ ಮೊದಲು ಕಿತ್ತಿದ್ದು ಇದಕ್ಕೇನು?" ಎಂದಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, "ನಾಳಿ ಬಾಗಲಾ ನಿಂದ್ರಸ್ತಾರಂದಿ ಹೌದಲ್ಲ?"

"ಹೂಂ."

"ಅಂಬ್ರಪ್ಪಗ ಹೇಳು, ಮಾಲು ಕಲಸಂತ. ಮನಿಗಿ ನನ್ನ ಹೆಸರಿದ್ರ ಬಾಗಲಾನೂ ನಂದ ಇರ್ಲಿ."

ಅಂಬ್ರಪ್ಪ ಬೆಳಕು ಹರಿಯುವ ಮುಂಚೆ ಸಿಮೆಂಟು ಜಾಸ್ತಿ ಹಾಕಿ ಗಟ್ಟಿ ಮಾಲು ಕಲಸಿದ. ಹೊಸ ಮನೆಯ ಬಾಗಿಲ ಜಾಗ ಆನೆ ಹೋಗುವಷ್ಟು ಅಗಲ. ಅದರ ನಡುವೆ ಸಾಯಬಮ್ಮನ ಗಿಡ್ಡ ಚೌಕಟ್ಟನ್ನು ನಿಲ್ಲಿಸಿ, ಅದರ ಎರಡೂ ಬದಿಗೆ, ಮೇಲುಗಡೆಗೆ ಇಟ್ಟಿಗೆ ಕಟ್ಟಿದ. ನಾನು ಇಟ್ಟಿಗೆ ಕೊಡುತ್ತಾ ಹೋದೆ. ಅವನು ಜನ್ಮದಲ್ಲಿ ನಿಲ್ಲಿಸಿದ್ದರಲ್ಲಿ ಅಷ್ಟು ನೇರ ನಿಂತ ಬಾಗಿಲನ್ನು ನಾನು ನೋಡಿಲ್ಲ. ಸಾಯಬಮ್ಮ ಅರಿಶಿಣ ಹಚ್ಚಿದಳು, ಹೊಸ್ತಿಲಿಗೆ ನೀರು ಹಾಕಿದಳು, ದೀಪ ಮುಟ್ಟಿಸಿದಳು. ಆಮೇಲೆ ಹೊಸ್ತಿಲ ಮೇಲೆ ಕಾಲು ಮಡಚಿ ಕೂತಳು.

ಹೊತ್ತು ಏರಿದಾಗ ಕಾರುಗಳು ಬಂದವು. ಸಾವ್ಕಾರ, ಅವನ ಮನೆಯ ಅಯ್ಯನವರು, ಕೋಟು ಹಾಕಿದ ಜೈಭೀಮ, ರೇಶ್ಮೆ ಸೀರೆಯ ಅವನ ಹೆಂಡತಿ. ಹಿಂದೆ ಕಾಲೇಜಿನ ಹುಡುಗರು, ಸರ್ ಮನೆಯ ಊಟಕ್ಕೆಂದು. ಟೆಂಪೋದಲ್ಲಿ ಸಾಗವಾನಿಯ ದೊಡ್ಡ ಚೌಕಟ್ಟು ಮಲಗಿತ್ತು.

ಜೈಭೀಮನಿಗೆ ಮೊದಲು ಕಂಡಿದ್ದು ಬಾಗಿಲು, ಆಮೇಲೆ ಅವ್ವ. ಕಾರಿನ ಬಾಗಿಲು ಹಿಡಿದು ಅಲ್ಲೇ ನಿಂತ. ಕಾವಲಿಗೆ ನಾವಿದ್ದೇವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಾವಲಿನವರ ಹೆಸರು ಯಾರು ಹೇಳುತ್ತಾರೆ?

"ಅವ್ವಾ..." ಎಂದ. "ನಾ ಇವತ್ತ ಕರಿಯಾಕ ಬರಾವ ಇದ್ದೆ. ನಿನ್ನ ಹೆಸರ ಇಟ್ಟೀನಿ ನೋಡು."

"ನೋಡಿದೆ," ಎಂದಳು ಸಾಯಬಮ್ಮ. "ಕೇರಿ ಎಲ್ಲೈತೋ?"

"ಅವ್ವಾ, ಎಲ್ಲಾರ ಮುಂದ ಬ್ಯಾಡ..."

"ಎಲ್ಲಾರ ಮುಂದ ಕೆಡವಿಸಿದಿ. ಎಲ್ಲಾರ ಮುಂದ ಹೇಳು."

ಅವನು ನನ್ನ ಕಡೆ ತಿರುಗಿದ. "ಅಕ್ಕ, ನಿನಗ ಗೊತ್ತಿಲ್ಲ. ಪ್ಯಾಟ್ಯಾಗ ಮನಿ ಕೇಳಾಕ ಹೋದ್ರ ಮೊದಲು ಹೆಸರ ಕೇಳ್ತಾರ. ಹೆಸರ ಹೇಳಿದ ಕೂಡಲೇ ಮನಿ ಖಾಲಿ ಇಲ್ಲ ಅಂತಾರ. ಇದ್ದ ಮನ್ಯಾಗೂ ಗೊತ್ತಾದ ಮ್ಯಾಲ ನೀರು ಬಂದ್ ಮಾಡಿ ಬಿಡಸ್ಯಾರ. ನನ್ನ ಹೆಂಡತಿ ಬಸರಾಗಿದ್ದಾಗ ಸಾಮಾನು ಬೀದಿಗಿ ಒಗದ್ರು. ನಾ ಎಲ್ಲಿ ಹೋಗ್ಲಿ? ಸಾವ್ಕಾರ್ರು ಇಲ್ಲೇ ಕೊಡ್ತೀನಿ ಅಂದ್ರು. ಹ್ಯಾಂಗಾರ ಒಂದಿನ ಎಬ್ಬಸ್ತಿದ್ರು ಅಕ್ಕ. ನಮ್ಮೊಳಗ ಒಬ್ಬಂದರ ಉಳೀತಲ್ಲ..."

ಅವನು ಹೇಳಿದ್ದು ಖರೆ ಎಂದು ನನಗೆ ಗೊತ್ತು. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಬೀದಿಗೆ ಬಿದ್ದವನ ನೋವು ಬಲ್ಲವನು ನಮ್ಮನ್ನು ಬೀದಿಗೆ ಹಾಕಿದ್ದ. ಸಾವ್ಕಾರ ಹಾಕಿದ್ದರೆ ಬೈದುಕೊಂಡು ಬದುಕುತ್ತಿದ್ದೆ. ಇವನನ್ನು ಎತ್ತಿ ಆಡಿಸಿದ ಕೈ ಇದು.

"ಮಾರಿಕೊಂಡಿ," ಎಂದೆ. "ಭಾಡ್ಯಾ, ಹಕ್ಕು ಹಕ್ಕು ಅಂತ ಪಾಠ ಹೇಳಿ ನಮ್ಮನ್ನ ಮಾರಿಕೊಂಡಿ."

ಸಾವ್ಕಾರ ಗುಡುಗಿದ: "ಏನ್ ನಾಟಕಲೇ ಇದು! ಏ, ಆ ಮುದುಕೀನ ಎತ್ರಿ. ಕಿತ್ತಹಾಕ್ರಿ ಅದನ್ನ."

ಕೆಲಸದವರು ಅರಿಶಿಣ ನೋಡಿದರು, ದೀಪ ನೋಡಿದರು, ಕೈ ಕಟ್ಟಿದರು. ಮಣ್ಣು ಸರಿಸುತ್ತಿದ್ದ ಜೆಸಿಬಿಯವನನ್ನು ಕರೆದರೆ ಅವನು ಗಾಡಿ ಬಂದ್ ಮಾಡಿ ಕೆಳಗಿಳಿದ. "ನಾ ಮಕ್ಕಳು ಮರಿ ಇದ್ದಾಂವ ರೀ ಸಾವ್ಕಾರ್ರ," ಎಂದ. ಸಾವ್ಕಾರ ಅಯ್ಯನವರ ಮುಖ ನೋಡಿದ. ಅಯ್ಯನವರು ಒಂದು ಹೆಜ್ಜೆ ಹಿಂದೆ ಸರಿದು, "ನಿಂತ ಬಾಗಲಾ ರೀ. ಮನಿ ಮಗನ ಕೈಯಿಂದಲೇ ಆಗಬೇಕು," ಎಂದರು.

ಸಾವ್ಕಾರ ಗೋಡೆಗೆ ಆನಿಸಿದ್ದ ಹಾರಿ ತೆಗೆದು ಜೈಭೀಮನ ಎದೆಗೆ ಒತ್ತಿದ. "ತಗೋ. ಒಮ್ಮೆ ಕಿತ್ತೀಯಲ್ಲ. ಇನ್ನೊಮ್ಮೆ ಕೀಳು. ಇಲ್ಲಂದ್ರ ನೀನೂ ಅವರ ಹಿಂದ ಕಾಲುವಿ ದಂಡಿಗಿ ನಡಿ ಮಗನಾ."

ಜೈಭೀಮ ಹಾರಿ ಹಿಡಿದ. ಹಿಡಿದೇಬಿಟ್ಟ. ಅವನು ಹಿಡಿಯುವುದಿಲ್ಲ ಎಂದು ನನ್ನೊಳಗೆ ಎಲ್ಲೋ ಒಂದು ಮೂಲೆ ಆ ಕ್ಷಣದವರೆಗೂ ನಂಬಿತ್ತು.

ಅವನು ಬಾಗಿಲಿನ ಮುಂದೆ ಬಂದ. ಸಾಯಬಮ್ಮ ಅಲುಗಲಿಲ್ಲ. "ಬೂಟು ಹೊರಗ ಬಿಡು," ಎಂದಳು. "ಇದು ಮನಿ. ತಲಿ ಬಗ್ಗಿಸಿದ್ರ ಒಳಗ ಬಾ, ರೊಟ್ಟಿ ಹಾಕ್ತೀನಿ. ಕೀಳೂದಿದ್ರ ನನ್ನ ಕಾಲಿನ ಕಡಿಯಿಂದ ಶುರು ಮಾಡು."

ಅವತ್ತು ನನ್ನ ಮನೆಯೊಳಗೆ ಮೊಬೈಲು ಚಾಚಿದ್ದ ಹುಡುಗಿ ಮುಂದಿನ ಸಾಲಿನಲ್ಲೇ ಇದ್ದಳು. ಆಕೆ ಮೊಬೈಲು ಎತ್ತಿದಳು. ಆಕೆಯ ಪಕ್ಕದವನು ಎತ್ತಿದ, ಆಮೇಲೆ ಎಲ್ಲರೂ ಎತ್ತಿದರು. ಹಾರಿ ಎತ್ತಿ ಹಿಡಿದ ಮಾಸ್ತರ, ಅವನ ಮುಂದೆ ಹೊಸ್ತಿಲ ಮೇಲೆ ಅವ್ವ, ಇಬ್ಬರೂ ಆ ಗಾಜುಗಳಲ್ಲಿ ಕಾಣುತ್ತಿದ್ದರು.

ಹೊಸ ಸಿಮೆಂಟಿಗೆ ಬಿಸಿಲು ತಾಗಿತ್ತು. ನೀರು ಹೊಡೆಯುವುದು ನನ್ನ ಕೆಲಸ. ಕೊಡ ಎತ್ತಿ ತಂದು ಚೌಕಟ್ಟಿನ ಸುತ್ತ ಹಸಿ ಗೋಡೆಗೆ ಜೋರಾಗಿ ಎರಚಿದೆ. ಸಿಮೆಂಟಿನ ನೀರು ಇಳಿದು ಜೈಭೀಮನ ಬೂಟಿನ ಮೇಲೆ ಹರಿಯಿತು. ಅವನು ನನ್ನನ್ನು ನೋಡಿದ.

"ನಗೋ ಜೈಭೀಮ," ಎಂದೆ. "ಫೋಟೋ ತಗ್ಯಾಕತ್ತಾರ, ನಗು."

ಅವನು ನಗಲಿಲ್ಲ. ಹಾರಿ ಅವನ ಕೈಯಲ್ಲೇ ಇತ್ತು. ನಾನು ಇನ್ನೊಂದು ಕೊಡ ನೀರು ತರಲು ಹೋದೆ.